ನಾಗಭೂಷಣನಿಗೊಬ್ಬ ಮೂಲಪುರುಷ

ದಾವಣಗೆರೆ ಸುತ್ತಮುತ್ತಲಿನ ಅರ್ಧ ಜನರ ಮುತ್ತಜ್ಜಂದಿರು ನಾಗಭೂಷಣನ ಕೈಮೇಲೆ ಹಾದುಹೋಗಿದ್ದರು. ಅವನೇನೂ ಮಸಣ ಕಾಯುವವನಲ್ಲ, ಗಾಬರಿ ಬೇಡ. ಪಿ.ಜೆ. ಬಡಾವಣೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು. ಜಮೀನಿನ ಖಾತೆ ಬದಲಾಗಬೇಕೆಂದರೆ ಸರ್ಕಾರಕ್ಕೆ ವಂಶವೃಕ್ಷ ಬೇಕು, ವಂಶವೃಕ್ಷಕ್ಕೆ ಜೆರಾಕ್ಸ್ ಬೇಕು. ಮೇಲ್ಗಡೆ ಒಂದು ಚೌಕದಲ್ಲಿ ಮೂಲಪುರುಷ, ಕೆಳಗೆ ಮಕ್ಕಳು, ಅವರ ಕೆಳಗೆ ಮೊಮ್ಮಕ್ಕಳು, ಎಲ್ಲಕ್ಕಿಂತ ಕೆಳಗೆ ಒಬ್ಬರ ಮುಖ ಒಬ್ಬರು ನೋಡದೆ ಅಂಗಡಿ ಮುಂದೆ ನಿಂತಿರುವ ಈಗಿನ ವಾರಸುದಾರರು. "ಅವಂದು ಬ್ಯಾರೆ ಕಾಪಿ, ನಂದು ಬ್ಯಾರೆ ಕಾಪಿ ಮಾಡ್ರಿ" ಎಂದು ಅವರು ಹಲ್ಲು ಕಡಿಯುತ್ತಿದ್ದರೆ ನಾಗಭೂಷಣ ಆಸೆಗಣ್ಣಿನಿಂದ ನೋಡುತ್ತಿದ್ದ. ಜಗಳಕ್ಕಾದರೂ ಇವರಿಗೆ ಒಬ್ಬ ತಮ್ಮನಿದ್ದಾನಲ್ಲ ಎಂದು ಅವನ ಹೊಟ್ಟೆ ಉರಿಯುತ್ತಿತ್ತು.

ಅವನಿಗೆ ಯಾರೂ ಇರಲಿಲ್ಲ. ಅಪ್ಪ ಬಸಪ್ಪ ಚಿಕ್ಕಂದಿನಲ್ಲೇ ಎಲ್ಲಿಂದಲೋ ದಾವಣಗೆರೆಗೆ ಬಂದು, ಒಂದು ಮಠದ ಉಚಿತ ಹಾಸ್ಟೆಲಿನಲ್ಲಿ ಉಂಡು ಬೆಳೆದು, ಹತ್ತಿ ಮಿಲ್ಲಿನಲ್ಲಿ ದುಡಿದು ತೀರಿಕೊಂಡ. ಅವ್ವನ ಕಡೆಯವರು ಮದುವೆ ಊಟದಲ್ಲಿ ಮುನಿಸಿಕೊಂಡು ಎದ್ದುಹೋದವರು ಅವ್ವ ಸತ್ತಾಗಲೂ ಬರಲಿಲ್ಲ. "ಅಪ್ಪಾ, ನಮ್ಮೂರು ಯಾವ್ದು?" ಎಂದು ಕೇಳಿದರೆ ಬಸಪ್ಪ "ಹೊಳೆ ದಂಡೆ ಮ್ಯಾಲೈತೆ, ಮಲಕ್ಕೋ" ಎನ್ನುತ್ತಿದ್ದ. ತುಂಗಭದ್ರೆಯ ದಂಡೆಯಲ್ಲಿ ಎಷ್ಟು ಊರುಗಳಿವೆಯೆಂದು ಆ ಹೊಳೆಗೇ ಗೊತ್ತಿರಲಿಕ್ಕಿಲ್ಲ.

ಹೀಗಾಗಿ ನಾಗಭೂಷಣನಿಗೆ ಐವತ್ತು ಹತ್ತಿರ ಬಂದರೂ ಮದುವೆಯಾಗಿರಲಿಲ್ಲ. ನಮ್ಮ ಕಡೆ ಗಂಡಿಗೆ ಕೈಕಾಲು ಇವೆಯೋ ಇಲ್ಲವೋ ಆಮೇಲೆ ನೋಡುತ್ತಾರೆ, ಮೊದಲು ಬೆಡಗು ಕೇಳುತ್ತಾರೆ. ಒಂದೇ ಬೆಡಗಿನವರು ಅಂದರೆ ಒಬ್ಬನೇ ಮೂಲಪುರುಷನ ಮಕ್ಕಳು, ಅಣ್ಣತಂಗಿಯರು, ಮದುವೆಯ ಮಾತೇ ಇಲ್ಲ. ಬೆಡಗೇ ಗೊತ್ತಿಲ್ಲದವನು ಯಾರಿಗೆ ಅಣ್ಣನೋ ಯಾರಿಗೆ ತಮ್ಮನೋ! ಯಾರಿಗೂ ಅಲ್ಲದ ನಾಗಭೂಷಣ ಈ ಅನುಮಾನದ ಮೇಲೆ ಹೆಣ್ಣು ಕೊಡುವವರಿಗೆಲ್ಲ ಸಂಬಂಧಿಯಾಗಿ ಉಳಿದುಬಿಟ್ಟಿದ್ದ. ಪಕ್ಕದ ಖಾನಾವಳಿಯ ಕಮಲಕ್ಕ ಹಬ್ಬಕ್ಕೆ ಬಾಗಿಲು ಹಾಕಿಕೊಂಡು ತವರಿಗೆ ಹೋದರೆ ಅವನಿಗೆ ಹಬ್ಬದೂಟ ಬನ್ನು ಮತ್ತು ಬಾಳೆಹಣ್ಣು. ಹಬ್ಬ ಬಂತೆಂದರೆ ಅವನಿಗೆ ಜ್ವರ ಬಂದಂತಾಗುತ್ತಿತ್ತು.

ಆ ಕಮಲಕ್ಕನೇ ಹರಿಹರದ ಸಂಬಂಧವನ್ನು ತಂದಳು. ಹುಡುಗಿ ಆಶಾರಾಣಿ, ಸೊಸೈಟಿಯೊಂದರಲ್ಲಿ ಕ್ಲಾರ್ಕು. ಹುಡುಗಿ ಎಂದದ್ದು ರೂಢಿಯ ಮಾತು, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲಿ ನಲವತ್ತು ದಾಟಿದ್ದವಳು. ಅಪ್ಪನಿಲ್ಲ. ಈಗ ತಾಯಿಯೂ ಇಲ್ಲ. ಮನೆಗೆ ಹಿರಿಯ ಅಂದರೆ ದೊಡ್ಡಪ್ಪ ಕೆಂಚವೀರಪ್ಪ, ಕಾಳಿನ ವ್ಯಾಪಾರ ಮಾಡಿ ಬಿಟ್ಟವರು.

ಕೆಂಚವೀರಪ್ಪ "ಬರ್ರಿ, ಕೂಡ್ರಿ, ಯಾವ ಬೆಡಗು?" ಎಂದು ಮೂರನ್ನೂ ಒಂದೇ ಉಸಿರಿಗೆ ಕೇಳಿದರು. ಕೈಗೆ ನೀರಿನ ಲೋಟವೂ ಬಂದಿರಲಿಲ್ಲ. ನಾಗಭೂಷಣ ಕೂತವನು ಏಳಬೇಕೋ ಏನೋ ಎಂದು ಯೋಚಿಸುತ್ತಿದ್ದಾಗ ಆಶಾರಾಣಿ ಟೀ ತಂದಳು.

"ಸಕ್ರೆ ಜಾಸ್ತಿ ಆಗೈತೆ. ಕುಡದ್ ಮ್ಯಾಲೆ ಮುಖ ಕಿವುಚ್ಬ್ಯಾಡ್ರಿ, ಮೊದ್ಲೇ ಹೇಳೀನಿ" ಎಂದಳು.

ಅವನು ತಳದ ಸಕ್ಕರೆಯವರೆಗೂ ಕುಡಿದ. ಅವಳು ನಕ್ಕಳು. ತನ್ನ ಕಾರಣಕ್ಕೆ ಒಬ್ಬ ಹೆಂಗಸು ನಕ್ಕದ್ದನ್ನು ನಾಗಭೂಷಣ ಕಂಡದ್ದು ಅವತ್ತೇ. ಅವಳು ತನಗೆ ಬೇಕು ಎನ್ನಿಸಿತು. ಎಷ್ಟು ಬೇಕು ಎನ್ನಿಸಿತೆಂದರೆ ಹುಟ್ಟಿದಾರಭ್ಯ ಒಂದು ಬಡಾಯಿ ಕೊಚ್ಚದ ಬಾಯಿ ತಾನಾಗಿ ತೆರೆದುಕೊಂಡಿತು.

"ನಮ್ದು ಭಾಳ ದೊಡ್ ವಂಶಾರಿ. ಒಂದ್ ಮಾತ್ನಾಗೆ ಹೇಳಿ ಮುಗಿಯಂಥದ್ದಲ್ಲ. ನಮ್ ಮನೆ ಹೆಳವರನ್ನೇ ಕರ್ಕೊಂಡ್ ಬರ್ತೀನಿ, ಅವ್ರೇ ಹೇಳ್ತಾರ."

ಮನೆತನಗಳ ಹುಟ್ಟುಸಾವು ನೆನಪಿಟ್ಟುಕೊಂಡು, ಸುಗ್ಗಿಗೆ ಬಂದು ವಂಶಾವಳಿ ಹೇಳಿ, ಕಾಳುಕಡಿ ಪಡೆದು ಹೋಗುವ ಹೆಳವರು ಈಗ ಹಳ್ಳಿಗಳಿಗೇ ಅಪರೂಪ. ಅಂಥದ್ದರಲ್ಲಿ ಪಿ.ಜೆ. ಬಡಾವಣೆಯ ಜೆರಾಕ್ಸ್ ಅಂಗಡಿಯವನಿಗೆ ಸ್ವಂತ ಹೆಳವ! ಕೆಂಚವೀರಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಬಾಗಿಲಲ್ಲಿ ಇಣುಕುತ್ತಿದ್ದ ನೆರೆಮನೆಯವರು ಒಳಗೇ ಬಂದರು.

"ತಮ್ಮ ಬೆಡಗು ಯಾವ್ದು ಅಂತ..." ನಾಗಭೂಷಣ ಮೆಲ್ಲಗೆ ಕೇಳಿದ.

"ಅದು ಮೊದ್ಲು ಹೇಳಂಗಿಲ್ಲ" ಎಂದರು ಕೆಂಚವೀರಪ್ಪ. "ಹೇಳಿದ್ರೆ ಅದೊಂದ್ ಬಿಟ್ಟು ಬ್ಯಾರೆ ಯಾವ್ದಾರ ಹೇಳಿಬಿಡ್ತಾರ. ನೀವು ಹಂಗ್ ಮಾಡೋರಲ್ಲ ಅಂತ ಮುಖ ನೋಡಿದ್ರೆ ಗೊತ್ತಾಗ್ತೈತೆ. ಆದ್ರೂ ಹೇಳಂಗಿಲ್ಲ."

ಇನ್ನು ಒಬ್ಬ ಹೆಳವ ಬೇಕು, ಹೆಳವನಿಗೆ ಹೇಳಲು ಒಂದು ವಂಶ ಬೇಕು. ನಾಗಭೂಷಣ ಮೊದಲು ಅಪ್ಪನ ಶಾಲೆಗೆ ಹೋದ. ಹಾಜರಿ ದಾಖಲೆಯಲ್ಲಿ ಬಸಪ್ಪನ ಹೆಸರಿನ ಮುಂದೆ ಊರು 'ಮೇಲಿನಂತೆ' ಎಂದಿತ್ತು. ಮೇಲಿನ ಹುಡುಗನದೂ ಮೇಲಿನಂತೆ. ಅವನ ಮೇಲಿನವನದೂ ಮೇಲಿನಂತೆ. ನಾಗಭೂಷಣ ಬೆರಳಿಟ್ಟುಕೊಂಡು ಏರುತ್ತಾ ಏರುತ್ತಾ ಹೋದ, ಹಾಳೆಯ ತುದಿ ಹರಿದುಹೋಗಿತ್ತು.

ಆಮೇಲೆ, ಹೊಳೆದಂಡೆಯ ಊರೆಂದರೆ ಹರಿಹರವೇ ಏಕಾಗಿರಬಾರದು ಎಂದು ಅಲ್ಲಿನ ಕಚೇರಿಯೊಂದರ ಮೆಟ್ಟಿಲು ಹತ್ತಿದ.

"ಯಾರ್ದು?" ಗುಮಾಸ್ತ ಕೇಳಿದ.

"ನಮ್ಮಪ್ಪಂದು. ಜನನದ ದಾಖಲೆ."

"ಯಾವ ಇಸ್ವಿ?"

"ಗೊತ್ತಿಲ್ರಿ."

"ಅವರಪ್ಪನ ಹೆಸ್ರು?"

"ಅದನ್ನೇ ಕೇಳಾಕೆ ಬಂದಿದ್ದು."

ಗುಮಾಸ್ತ ಪೆನ್ನು ಕೆಳಗಿಟ್ಟ. "ಅಂದ್ರೆ ಯಾವಾಗ ಹುಟ್ಯಾರ, ಯಾರಿಗೆ ಹುಟ್ಯಾರ ಗೊತ್ತಿಲ್ಲ. ಹುಟ್ಟಿದ್ದಂತೂ ಖರೇನಾ?"

"ಖರೆ ರೀ."

"ಹೆಂಗೆ ಹೇಳ್ತೀರಿ?"

"ನಾನಿದೀನಲ್ರಿ ಇಲ್ಲಿ."

"ಅದಕ್ಕೇನಾರ ದಾಖಲೆ ತಂದೀರಾ?"

ಒಂದು ಕಪಾಟನ್ನು ಪೂರ್ತಿ ಗೆದ್ದಲು ತಿಂದಿತ್ತು. ಉಳಿದದ್ದರಲ್ಲಿ ಬಸಪ್ಪನಿರಲಿಲ್ಲ. ಗುಮಾಸ್ತ ಕೆಟ್ಟವನಲ್ಲ. ಬರಿಗೈಯಲ್ಲಿ ಕಳಿಸಬಾರದೆಂದು ಒಂದು ಪತ್ರ ಬರೆದು ಮೊಹರು ಒತ್ತಿ ಕೊಟ್ಟ: 'ಸದರಿಯವರ ಜನನವು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.' ತಂದೆ ಹುಟ್ಟಿದ್ದಕ್ಕೆ ಅಲ್ಲದಿದ್ದರೂ ಸಿಗದಿದ್ದಕ್ಕಾದರೂ ಸರ್ಕಾರದ ಸಹಿ ದೊರೆಯಿತು. ನಾಗಭೂಷಣ ಅದನ್ನೇ ಜೋಪಾನವಾಗಿ ಮಡಿಸಿ ಜೇಬಿಗಿಟ್ಟುಕೊಂಡ.

ಕೊನೆಗೆ ಹೆಳವ ಸಿಕ್ಕಿದ್ದು ಲೋಕಿಕೆರೆಯಲ್ಲಿ. ಅಲ್ಲಿ ಸುಗ್ಗಿಗೆ ಹೆಳವರು ಬೀಡು ಬಿಟ್ಟಿದ್ದಾರೆಂದು ಖಾನಾವಳಿಗೆ ಬರುವ ಲಾರಿಯವರಿಂದ ಕಮಲಕ್ಕ ಸುದ್ದಿ ಹಿಡಿದಿದ್ದಳು. ಹೆಳವ ತಿಪ್ಪೇರುದ್ರಪ್ಪನಿಗೆ ಮಣಭಾರದ ರುಮಾಲು, ಅದಕ್ಕೆ ತಕ್ಕ ಮೀಸೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದವನು ಎತ್ತು ಮಾರಿ ಮೊಪೆಡ್ ತಗೊಂಡಿದ್ದ, ಎತ್ತಿನ ಕೊರಳಗಂಟೆಯನ್ನು ಮೊಪೆಡ್ಡಿನ ಹ್ಯಾಂಡಲಿಗೆ ಕಟ್ಟಿದ್ದ.

"ಪುಸ್ತಕ ಅದಾವ, ಆದ್ರೆ ಹೊಳೆ ಬಂದಾಗ ತೊಯ್ದು ಹಾಳಿ ಹಾಳಿ ಅಂಟ್ಕೊಂಡಾವ" ಎಂದ ತಿಪ್ಪೇರುದ್ರಪ್ಪ. "ಬಿಡಿಸಾಕೆ ಹೋದ್ರೆ ಈ ಮನೆತನದ ಅಜ್ಜ ಆ ಮನೆತನದ ಅಜ್ಜಿ ಮ್ಯಾಲೆ ಕುಂತಿರ್ತಾನ. ಅದಕ್ಕೆ ನಾನು ಬಾಯಾಗೇ ಹೇಳೋದು. ಏನಾರ ಒಂದು ಗುರುತು ಹೇಳ್ರಿ. ಮನೆದೇವ್ರು?"

"ನಮ್ಮಪ್ಪ ದಾರ್ಯಾಗ ಸಿಕ್ಕ ದೇವ್ರಿಗೆಲ್ಲ ಕೈ ಮುಗೀತಿದ್ದ."

"ನಿಮ್ ಮನ್ಯಾಗ ಮುಟ್ಟದ ಪದಾರ್ಥ ಏನಾರ ಐತಾ? ಗಿಡ, ಬಳ್ಳಿ, ಕಾಯಿ?"

ನಾಗಭೂಷಣನಿಗೆ ತಟ್ಟನೆ ನೆನಪಾಯಿತು. ಅಪ್ಪ ಕುಂಬಳಕಾಯಿ ತಿನ್ನುತ್ತಿರಲಿಲ್ಲ. ಬರೀ ತಿನ್ನುತ್ತಿರಲಿಲ್ಲ ಎಂದಲ್ಲ, ಎಲೆಗೆ ಬಡಿಸಿದರೆ ಊಟ ಬಿಟ್ಟು ಎದ್ದು ಹೋಗುತ್ತಿದ್ದ.

ತಿಪ್ಪೇರುದ್ರಪ್ಪ ತೊಡೆ ತಟ್ಟಿದ. "ಕುಂಬಳಬಳ್ಳಿ ಬೆಡಗು. ಬ್ಯಾರೆ ಮಾತೇ ಇಲ್ಲ. ದಂಡು ಊರು ಸುಟ್ಟಾಗ ನಿಮ್ ಮೂಲಪುರುಷನ್ನ ಅವನ ತಾಯಿ ಕುಂಬಳಬಳ್ಳಿ ಅಡಿಯಾಗ ಮುಚ್ಚಿಟ್ಟು ಉಳಿಸಿದ್ಲು. ಕಾಯ್ದ ಬಳ್ಳಿ ಕಾಯಿ ತಿನ್ನಂಗಿಲ್ಲ." ಆಮೇಲೆ ಕಣ್ಣು ಮುಚ್ಚಿ, ಈ ಲೋಕಿಕೆರೆಯಲ್ಲೇ ಇದ್ದ ಒಂದು ಶಾಖೆಯನ್ನು ಹೇಳುತ್ತಾ ಬಂದು, ಹಿರಿಯ ಮಕ್ಕಳ ಕಡೆ ಹೊರಳದೆ ಒಂದು ಕಡೆ ನಿಂತ. "ಕಿರೇ ಮಗ ಬಸವಣ್ಯಪ್ಪ. ಹುಡುಗ ಇದ್ದಾಗ್ಲೇ ಮನೆ ಬಿಟ್ಟ. ಮುಂದೆ ಗೊತ್ತಿಲ್ಲ."

"ನಮ್ಮಪ್ಪನ ಹೆಸ್ರು ಬಸಪ್ಪ" ಎಂದ ನಾಗಭೂಷಣ.

"ಮಿಲ್ಲಿನಾಗ ದುಡಿದ್ರೆ ಹೆಸ್ರು ಸವೆಯಂಗಿಲ್ಲೇನು?" ಎಂದ ತಿಪ್ಪೇರುದ್ರಪ್ಪ.

ಶಾಲೆ ಸಾಲದೆ, ಸರ್ಕಾರ ಸಾಲದೆ ಹೋದ ಕಡೆ ಒಂದು ಕುಂಬಳಕಾಯಿ ಸಾಕಾಯಿತು. ನಾಗಭೂಷಣ ಅಂಗಡಿಗೆ ಬಂದು, ಬಾಗಿಲು ಅರ್ಧ ಎಳೆದುಕೊಂಡು, ಸರ್ಕಾರಿ ನಮೂನೆಯಂತೆಯೇ ಚೌಕಗಳನ್ನು ಬರೆದ. ತುದಿಯಲ್ಲಿ ಮೂಲಪುರುಷ, ಕೆಳಗೆ ಬಸಪ್ಪ, ಅದರ ಕೆಳಗೆ ತಾನು. ಯಾರೂ ಕೇಳದಿದ್ದರೂ ಅದರ ಕಾಪಿ ತೆಗೆಯುತ್ತಲೇ ಹೋದ. ಬಿಸಿ ಬಿಸಿ ಹಾಳೆಗಳನ್ನು ಎದೆಗೆ ಹಿಡಿದುಕೊಂಡು ಸಂತೋಷಕ್ಕೆ ಅತ್ತುಬಿಟ್ಟ.

ಹರಿಹರದಲ್ಲಿ ಯಾರ ಮನೆಗೆ ಹೋಗುವುದು ಎಂದು ಅವನು ತಿಪ್ಪೇರುದ್ರಪ್ಪನಿಗೆ ಹೇಳಿರಲಿಲ್ಲ. ಬೀಗರ ಹೆಸರು ಗೊತ್ತಾದರೆ ಹೆಳವ ಅವರ ಕಡೆಗೇ ವಾಲಿಬಿಟ್ಟಾನೆಂಬ ಮುಂದಾಲೋಚನೆ. ಹೇಳಿದ್ದರೆ ಕಥೆ ಲೋಕಿಕೆರೆಯಲ್ಲೇ ಮುಗಿಯುತ್ತಿತ್ತು, ಮುಂದಾಲೋಚನೆಯವರ ಹಣೆಬರಹವೇ ಇಷ್ಟು.

ಕೆಂಚವೀರಪ್ಪನವರ ಪಡಸಾಲೆ ತುಂಬಿತ್ತು. ನಿಶ್ಚಯವೇ ಆಗಿಬಿಡಬಹುದೆಂದು ನೆರೆಮನೆಯವರು ಬೆಲ್ಲ ಕೊಬ್ಬರಿ ತಟ್ಟೆ ಸಮೇತ ಬಂದಿದ್ದರು. ತಿಪ್ಪೇರುದ್ರಪ್ಪ ಕಂಬಳಿ ಮೇಲೆ ಕೂತು, ಗಂಟೆ ಬಾರಿಸಿ, ದಂಡು, ಬೆಂಕಿ, ಬಳ್ಳಿ ಎಲ್ಲವನ್ನೂ ಏರುದನಿಯಲ್ಲಿ ಹೇಳಿದ. ಬಳ್ಳಿ ಬಂದಾಗ ಕೆಂಚವೀರಪ್ಪನವರ ಹುಬ್ಬು ಮೇಲೇರಿತು. ಲೋಕಿಕೆರೆ ಬಂದಾಗ ಅವರು ಎದ್ದು ನಿಂತರು.

"...ಆ ಲೋಕಿಕೆರೆ ಮನೆಗೆ ಮೂವರು ಮಕ್ಳು. ಹಿರಿಯವನ ಮಗ ಕೆಂಚವೀರಪ್ಪ ಹರಿಹರಕ್ಕೆ ಹೋಗಿ ಕಾಳಿನ ವ್ಯಾಪಾರ ಹಿಡಿದ. ಕಿರಿಯವ ಬಸವಣ್ಯಪ್ಪ ಮನೆ ಬಿಟ್ಟು ಹೋದ, ಆ ಬಸವಣ್ಯಪ್ಪನ ಮಗನೇ ಇಲ್ಲಿ ಕುಂತಿರೋ ನಾಗಭೂಷಣಪ್ಪ..."

"ಕೆಂಚವೀರಪ್ಪ ಅಂದ್ರೆ ನಾನೇ" ಎಂದರು ಕೆಂಚವೀರಪ್ಪ.

ಗಂಟೆ ನಿಂತಿತು. ತಿಪ್ಪೇರುದ್ರಪ್ಪ ಒಂದು ಕಡೆ, ನಾಗಭೂಷಣ ಒಂದು ಕಡೆ ಬಾಯಿ ತೆರೆದುಕೊಂಡು ಕೂತರು. ಮುದುಕರು ಹೆಜ್ಜೆ ತಪ್ಪುತ್ತಾ ಬಂದು ನಾಗಭೂಷಣನನ್ನು ತಬ್ಬಿಕೊಂಡು ಗಳಗಳನೆ ಅತ್ತರು. "ನನ್ ಕಾಕನ ಮಗ. ನಾನು ತೊಟ್ಲಾಗಿದ್ದಾಗ ಕಾಕ ಹೋದ್ನಂತೆ. ನಮ್ಮಜ್ಜಿ ಸಾಯೋ ತನಕ ಅವಂಗೊಂದು ತಟ್ಟೆ ಹಾಕಿ ಕಾಯ್ತಿದ್ಲು. ನನ್ ತಮ್ಮ ಬಂದಾನ."

ನಾಗಭೂಷಣನ ಬೆನ್ನನ್ನು ಅಷ್ಟು ಬಿಗಿಯಾಗಿ ಯಾರೂ ಹಿಡಿದಿರಲಿಲ್ಲ. ಅಪ್ಪುಗೆಯ ಬಿಸಿಗೆ ಅವನಿಗೂ ಅಳು ಬಂತು. ಅಳುತ್ತಾ ಅಳುತ್ತಾ ಮುದುಕರ ಭುಜದ ಮೇಲಿಂದ ನೋಡಿದರೆ ಅಡುಗೆಮನೆ ಬಾಗಿಲಲ್ಲಿ ಟೀ ತಟ್ಟೆ ಹಿಡಿದ ಆಶಾರಾಣಿ ನಿಂತಿದ್ದಳು. ಆಗ ಅವನಿಗೆ ಲೆಕ್ಕ ಹೊಳೆಯಿತು. ಕೆಂಚವೀರಪ್ಪ ತನಗೆ ಅಣ್ಣನಾದರೆ ಅವರ ತಮ್ಮನ ಮಗಳು ತನಗೂ ಮಗಳೇ.

"ಆಶಾ, ಬಾರವ್ವ" ಕೆಂಚವೀರಪ್ಪ ಕರೆದರು. "ನಿಮ್ ಚಿಕ್ಕಪ್ಪ. ಕಾಲಿಗ್ ಬೀಳು."

"ಹಂಗಾದ್ರೆ ಬೆಲ್ಲ ಹಂಚಾದಾ ಬ್ಯಾಡಾ?" ತಟ್ಟೆ ಹಿಡಿದಿದ್ದ ನೆರೆಮನೆಯವಳು ಕೇಳಿದಳು.

"ಹಂಚ್ರಿ. ಗಂಡು ಹೋದ್ರೆ ಹೋಗ್ಲಿ, ಮನೆ ಮಗ ಸಿಕ್ಕಾನ."

ಆಶಾರಾಣಿ ಕಾಲಿಗೆ ಬೀಳಲಿಲ್ಲ. ತಟ್ಟೆಯನ್ನು ನೆಲದ ಮೇಲಿಟ್ಟು ಒಳಗೆ ಹೋದಳು. ಒಂದೇ ಮನೆಗೆ ಎರಡು ಶಾಖೆ ಕೂಡಿಸಿದ ತಿಪ್ಪೇರುದ್ರಪ್ಪನಿಗೆ ಎರಡು ಶಾಖೆಯ ಜೋಳ ಸಿಕ್ಕಿತು, ಅದನ್ನು ಮೊಪೆಡ್ಡಿಗೆ ಹೇರಿಕೊಂಡು ಅವನು ಗಂಟೆ ಬಾರಿಸುತ್ತಾ ಹೋದ.

ನಾಗಭೂಷಣ ದಾವಣಗೆರೆಗೆ ಬಂದು ಖಾನಾವಳಿಯಲ್ಲಿ ಕೂತು ಎಲ್ಲವನ್ನೂ ಹೇಳಿದ. ಕಮಲಕ್ಕ ಸೌಟು ಹಿಡಿದುಕೊಂಡು ನಿಂತೇ ಕೇಳಿದಳು. ಅವಳ ಅತ್ತೆ ಅಂಜಿನವ್ವ ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಒಂದು ಕಾಲದಲ್ಲಿ ಬಸಪ್ಪನ ಜೊತೆ ಮಿಲ್ಲಿನಲ್ಲಿ ದುಡಿದವಳು. ಕುಂಬಳಕಾಯಿಯ ಮಾತು ಬರುತ್ತಲೇ ಅವಳಿಗೆ ನಗು ತಡೆಯಲಾಗಲಿಲ್ಲ.

"ಬೆಡಗೂ ಇಲ್ಲ, ಗಿಡಗೂ ಇಲ್ಲ. ಆ ಹಾಸ್ಟೆಲ್ನಾಗ ಭಕ್ತರು ಬಂಡಿಗಟ್ಲೆ ಕುಂಬಳಕಾಯಿ ತಂದು ಸುರೀತಿದ್ರು. ಮೂರೊತ್ತೂ ಅದೇ ಸಾರು, ಅದೇ ಪಲ್ಯ. ತಿಂದು ತಿಂದು ಬಸಪ್ಪಂಗೆ ಅಸಹ್ಯ ಆಗಿತ್ತು. ನನ್ ಬುತ್ತ್ಯಾಗ ಕುಂಬಳಕಾಯಿ ಕಂಡ್ರೆ 'ಅಂಜಿನಿ, ಮುಚ್ಚು ಮುಚ್ಚು' ಅಂತಿದ್ದ."

"ಹಂಗಾದ್ರೆ ನಮ್ಮೂರು ಯಾವ್ದು ಅಜ್ಜಿ?"

ಅಂಜಿನವ್ವ ನಗು ನಿಲ್ಲಿಸಿದಳು. "ಅದು ಅವಂಗೇ ಗೊತ್ತಿರಲಿಲ್ಲಪ್ಪ. ಉಕ್ಕಡಗಾತ್ರಿ ಜಾತ್ರಿ ಜನದಾಗ ಅವ್ವನ ಕೈ ತಪ್ಪಿದ ಕೂಸು ಅವ್ನು. ನೆನಪಿದ್ದಿದ್ದು ಹೊಳೆ ಒಂದೇ. ಮಗಂಗೆ ಹೇಳಬ್ಯಾಡ, ನನ್ನಂಗೆ ಅವನೂ ಹುಡಿಕ್ಯಾಡ್ತಾನ ಅಂದಿದ್ದ."

ನಾಗಭೂಷಣನಿಗೆ ಅನ್ನ ಇಳಿಯಲಿಲ್ಲ. ಅಪ್ಪ ಮುಚ್ಚಿಟ್ಟಿದ್ದಾನೆ ಎಂದು ವರ್ಷಗಟ್ಟಲೆ ಸಿಟ್ಟು ಮಾಡಿಕೊಂಡಿದ್ದನಲ್ಲ, ಪಾಪ, ಅಪ್ಪನ ಕೈಯಲ್ಲಿ ಮುಚ್ಚಿಡಲಿಕ್ಕೂ ಏನೂ ಇರಲಿಲ್ಲ. ಆ ದುಃಖದ ನಡುವೆಯೇ ಅವನಿಗೆ ಇನ್ನೊಂದು ಹೊಳೆಯಿತು. ಕುಂಬಳಬಳ್ಳಿ ಸುಳ್ಳಾದರೆ ಚಿಕ್ಕಪ್ಪನೂ ಸುಳ್ಳು.

ಮರುದಿನವೇ ಹರಿಹರಕ್ಕೆ ಹೋದ. ಪಡಸಾಲೆಯಲ್ಲಿ ತಮ್ಮನನ್ನು ನೋಡಲು ಬಂದ ನೆಂಟರು ಸಾಲಾಗಿ ಕೂತಿದ್ದರು. ನಾಗಭೂಷಣ ನಿಂತುಕೊಂಡೇ ಹಾಸ್ಟೆಲು, ಸಾರು, ಉಕ್ಕಡಗಾತ್ರಿ ಎಲ್ಲವನ್ನೂ ಒಪ್ಪಿಸಿದ. "ನಾನು ನಿಮ್ಮವನಲ್ರಿ" ಎಂದ.

ಕೆಂಚವೀರಪ್ಪ ನೆಂಟರ ಕಡೆ ತಿರುಗಿದರು. "ನೋಡ್ರಿ, ಥೇಟ್ ಕಾಕನೇ. ಅವ್ನೂ ಹಿಂಗೇ ನಾನು ನಿಮ್ಮವನಲ್ಲ ಅಂತ ಹೇಳಿ ಮನೆ ಬಿಟ್ಟಿದ್ದಂತೆ."

ನೆಂಟರು ಹೌದು ಹೌದು ಎಂದರು. ನಾಗಭೂಷಣ ಜೇಬಿನಿಂದ ಸರ್ಕಾರದ ಪತ್ರ ತೆಗೆದು ಕೊಟ್ಟ. ಮುದುಕರು ಕನ್ನಡಕ ಏರಿಸಿ ಓದಿದರು.

"ಹರಿಹರದಾಗ ಹುಟ್ಟಿಲ್ಲ ಅಂತ ಸರ್ಕಾರನೇ ಬರ್ದು ಕೊಟ್ಟೈತೆ. ಮತ್ತೆ? ಹುಟ್ಟಿದ್ದು ಲೋಕಿಕೆರ್ಯಾಗಲ್ಲೇನು?"

"ಅಣ್ಣಾರೆ, ನಾನು ಬಂದಿದ್ದು ಗಂಡು ಆಗಾಕೆ" ಎಂದ ನಾಗಭೂಷಣ.

ಕೆಂಚವೀರಪ್ಪ ಅವನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದರು: "ಬೆಡಗು ಇಲ್ಲದೋನಿಗೆ ನಾನು ಹೆಣ್ಣು ಕೊಡಂಗಿಲ್ಲೋ. ಆಗ ನಿಂಗೆ ಅದೂ ಇಲ್ಲ, ಇದೂ ಇಲ್ಲ. ಆಶಾಗೆ ಗಂಡು ಹುಡುಕಿದ್ರೆ ಸಿಗ್ತಾನ. ನಂಗೆ ಈ ವಯಸ್ಸಿನಾಗ ತಮ್ಮ ಎಲ್ಲಿ ಸಿಗ್ತಾನ? ಒಂದ್ ಸಲ ಕಳಕಂಡೀವಿ, ಮತ್ತೊಂದ್ ಸಲ ಆಗಂಗಿಲ್ಲ."

ಹಿಡಿದ ಕೈಯನ್ನು ಅವರು ಬಿಡಲಿಲ್ಲ. ನಾಗಭೂಷಣನಿಗೆ ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಅಂದಿನ ವಾದ ಅಲ್ಲಿಗೆ ಮುಗಿಯಿತು.

ಸಂಜೆ ಬಸ್ ಸ್ಟ್ಯಾಂಡಿನವರೆಗೆ ಆಶಾರಾಣಿ ಬಂದಳು. ಚಿಕ್ಕಪ್ಪನ ಜೊತೆ ಹೋದರೆ ಯಾರು ಏನೆಂದಾರು?

"ನಂಗೆ ನೀವು ಹಿಡಿಸಿದ್ರಿ" ಎಂದಳು ಅವಳು, ಬಸ್ಸಿನ ಬೋರ್ಡು ನೋಡುತ್ತಾ. "ಆ ಟೀ ಪೂರ್ತಿ ಕುಡಿದ್ರಲ್ಲ, ಆವಾಗ್ಲೇ. ದೊಡ್ಡಪ್ಪನ್ನ ಬಿಟ್ಟು ಬರಾಕೆ ನಂಗಾಗಂಗಿಲ್ಲ. ಎಷ್ಟೋ ವರ್ಷದ ಮ್ಯಾಲೆ ನಿನ್ನೆ ರಾತ್ರಿ ಅವ್ರು ಸರ್ಯಾಗಿ ನಿದ್ದಿ ಮಾಡ್ಯಾರ. ಅದನ್ನ ನಾನು ಕಿತ್ಕೊಳ್ಳಂಗಿಲ್ಲ."

"ನಾನೂ ಕಿತ್ಕೊಳ್ಳಂಗಿಲ್ಲ" ಎಂದ ನಾಗಭೂಷಣ.

"ಆದ್ರೆ ಚಿಕ್ಕಪ್ಪ ಅಂತ ನಾನು ಕರೆಯಂಗಿಲ್ಲ. ಅದೊಂದ್ ಕೇಳಬ್ಯಾಡ್ರಿ."

ಬಸ್ಸು ಬಂತು. ಅವನು ಹತ್ತಿದ. ಕಿಟಕಿಯಿಂದ ನೋಡುವಷ್ಟರಲ್ಲಿ ಜನ ಅಡ್ಡ ಬಂದರು.

ರೂಮಿನ ಬೀಗ ತೆಗೆದು ದೀಪ ಹಾಕುವಾಗ ಫೋನ್ ಬಂತು. ಹರಿಹರದಿಂದ ದಾವಣಗೆರೆ ಅರ್ಧ ಗಂಟೆಯ ದಾರಿ, ಅದಕ್ಕೂ ಕೆಂಚವೀರಪ್ಪ ಫೋನ್ ಮಾಡಿದ್ದರು.

"ಮುಟ್ಟಿದ್ಯೇನೋ ತಮ್ಮಾ?"

ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ಮುಟ್ಟಿದೆ ಅಣ್ಣಾ" ಎಂದ.

ಆ ಕಡೆ ದೂರದಿಂದ ಅವಳ ದನಿ ಕೇಳಿತು. "ಅವ್ರದು ಊಟ ಆತಾ, ಕೇಳ್ರಿ."

"ಊಟ ಆತೇನೋ?"

"ಆತಣ್ಣ."

"ಆತಂತವ್ವ."

"ಆಗಿರಂಗಿಲ್ಲ" ಎಂದಳು ಅವಳು. "ಉಣ್ಣಾಕೆ ಹೇಳ್ರಿ."

ಕೆಂಚವೀರಪ್ಪ ಉಣ್ಣಲು ಹೇಳಿ ಫೋನನ್ನು ಎಲ್ಲೋ ಇಟ್ಟರು, ಕಟ್ ಮಾಡುವುದು ಅವರಿಗೆ ಬರುತ್ತಿರಲಿಲ್ಲ. ಆ ಮನೆಯ ಸದ್ದು ಹಾಗೇ ಹರಿದುಬರುತ್ತಿತ್ತು. ತಟ್ಟೆ ಇಟ್ಟದ್ದು, ರೊಟ್ಟಿ ಬಡಿದದ್ದು, ಯಾರೋ ನೀರು ಕೇಳಿದ್ದು, ಉಪ್ಪು ಕಡಿಮೆ ಎಂದು ಮುದುಕರು ಗೊಣಗಿದ್ದು, ಅದಕ್ಕೆ ಅವಳು ಏನೋ ಅಂದದ್ದು. ನಾಗಭೂಷಣ ಫೋನಿನ ಸ್ಪೀಕರ್ ಹಾಕಿ ನೆಲದ ಮೇಲಿಟ್ಟ. ಕಮಲಕ್ಕ ಕಳಿಸಿದ್ದ ಡಬ್ಬಿ ಬಿಚ್ಚಿ, ಸದ್ದಾಗದಂತೆ ತಟ್ಟೆಗೆ ಹಾಕಿಕೊಂಡು, ಅವರ ಜೊತೆ ಊಟಕ್ಕೆ ಕೂತ.